ಹೈದರಿ, ವರಾಹ, ಆನೆ ಕಾಸು: ಒಂದು ಲಕ್ಷ ಯಾವುದಕ್ಕೆ?

ನಾಣ್ಯಕ್ಕೆಂದೇ ಎತ್ತಿಟ್ಟ ದುಡ್ಡು ಒಂದು ಲಕ್ಷ ಮುಟ್ಟಿದಾಗ ನನ್ನ ಮುಂದೆ ಮೂರು ದಾರಿ ಇದ್ದವು. ಒಂದು, ಟಿಪ್ಪುವಿನ ಎರಡು ರೂಪಾಯಿಯ ಬೆಳ್ಳಿ ನಾಣ್ಯ ಹೈದರಿ. ಒಂದೇ ಒಂದು ನಾಣ್ಯ, ದುಡ್ಡೆಲ್ಲ ಅದಕ್ಕೇ. ಇನ್ನೊಂದು, ಹೈದರಾಲಿಯ ಚಿನ್ನದ ವರಾಹ, ಜೊತೆಗೆ ಕಂಠೀರಾಯ ಹಣ ಎಂಬ ಒಂದೆರಡು ಪುಟ್ಟ ಚಿನ್ನದ ನಾಣ್ಯ. ಮೂರನೆಯದು, ವರ್ಷಗಳಿಂದ ಕೂಡಿಸುತ್ತಿರುವ ಟಿಪ್ಪುವಿನ ತಾಮ್ರದ ಆನೆ ಕಾಸುಗಳನ್ನೇ ಮುಂದುವರಿಸುವುದು.

ಮೂರನ್ನೂ ಕೈಯಲ್ಲಿ ಹಿಡಿದೆ. ತೂಗಿದೆ, ಭೂತಗನ್ನಡಿಯಲ್ಲಿ ನೋಡಿದೆ, ಮಾರುವವರ ಜೊತೆ ಕೂತು ಮಾತಾಡಿದೆ. ಅಷ್ಟು ದೊಡ್ಡ ಮೊತ್ತವನ್ನು ಒಂದು ಸಣ್ಣ ಲೋಹದ ಬಿಲ್ಲೆಗೆ ಕೊಡುವ ಮುಂಚೆ ಯಾರಿಗಾದರೂ ಹೊಟ್ಟೆಯಲ್ಲಿ ತಳಮಳ ಆಗುತ್ತದೆ. ಆ ತಳಮಳ ಒಳ್ಳೆಯದೇ. ಅದು ಇರುವಾಗಲೇ ಸರಿಯಾದ ಪ್ರಶ್ನೆಗಳು ಬರುತ್ತವೆ.

ಮೊದಲು ಆನೆ ಕಾಸಿನ ವಿಷಯ. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ಉಳಿದೆರಡನ್ನು ಅಳೆದದ್ದೂ ಇದರಿಂದಲೇ.

ಟಿಪ್ಪುವಿನ ತಾಮ್ರದ ನಾಣ್ಯಗಳ ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಟಂಕಸಾಲೆಯ ಹೆಸರು. ಪೈಸೆಗೆ ಜೊಹ್ರಾ ಎಂದು ಹೆಸರು, ಅಂದರೆ ಶುಕ್ರ ಗ್ರಹ. ಅದರ ಅರ್ಧ ಬಹ್ರಾಮ್, ಮಂಗಳ. ಕಾಲು ಭಾಗ ಅಖ್ತರ್, ನಕ್ಷತ್ರ. ಎಂಟನೇ ಒಂದು ಭಾಗ ಕುತ್ಬ್, ಧ್ರುವ ನಕ್ಷತ್ರ. ಎರಡು ಪೈಸೆಯದು ಮೊದಲು ಉಸ್ಮಾನಿ, ಆಮೇಲೆ ಮುಷ್ತರಿ, ಅಂದರೆ ಗುರು. ಗ್ರಹ ನಕ್ಷತ್ರಗಳೆಲ್ಲ ಒಂದು ಡಬ್ಬಿಯಲ್ಲಿ ಕೂತಿರುವುದನ್ನು ನೋಡುವುದೇ ಒಂದು ಸಂತೋಷ.

ಟಂಕಸಾಲೆಗಳೂ ಹಾಗೆಯೇ. ಪಟನ್ ಎಂದರೆ ನಮ್ಮ ಶ್ರೀರಂಗಪಟ್ಟಣ. ನಗರ ಎಂದರೆ ಬಿದನೂರು. ಫರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಫೈಜ್ ಹಿಸಾರ್ ಎಂದರೆ ಗುತ್ತಿ. ನನಗೆ ಎಲ್ಲಕ್ಕಿಂತ ಪ್ರೀತಿಯದು ನಜರ್‌ಬಾರ್. ನಮ್ಮ ಮೈಸೂರಿನ ಇಂದಿನ ನಜರ್‌ಬಾದ್ ಇದೆಯಲ್ಲ, ಮೃಗಾಲಯದ ಕಡೆ ಹೋಗುವಾಗ ಸಿಗುತ್ತದಲ್ಲ, ಅದೇ. ದಿನಾ ಸ್ಕೂಟರಿನಲ್ಲಿ ಹಾದುಹೋಗುವ ಬೀದಿಯ ಹೆಸರು ಕೈಯಲ್ಲಿರುವ ಕಾಸಿನ ಮೇಲಿದೆ ಎಂದರೆ ಮೈ ಜುಮ್ಮೆನ್ನುತ್ತದೆ. ಪಟ್ಟಣದ ಸಾಮಾನ್ಯ ಕಾಸು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಜರ್‌ಬಾರಿನದು ಹಾಗಲ್ಲ, ಕಾದು ಕೂರಬೇಕು.

ಇದರ ದೊಡ್ಡ ಲಾಭ ಕಲಿಕೆ. ನೂರಾರು ಕಾಸು ಕೈದಾಟಿದ ಮೇಲೆ ಕಣ್ಣಿಗೆ ತಾನಾಗಿ ಗೊತ್ತಾಗುತ್ತದೆ, ಇದು ಅಚ್ಚು ಹೊಡೆದದ್ದೋ, ಎರಕ ಹೊಯ್ದದ್ದೋ ಅಂತ. ಎರಕದ ನಕಲಿಯಲ್ಲಿ ಮೈತುಂಬ ಸಣ್ಣ ಗುಳಿಗಳು, ಅಂಚಿನಲ್ಲಿ ಜೋಡಿಸಿದ ಗೆರೆ, ಆನೆಯ ಕಾಲುಗಳು ಕರಗಿದ ಮೇಣದ ಹಾಗೆ. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗಳಿಗೆ ಮಾರುವ ‘ಟಿಪ್ಪು ನಾಣ್ಯ’ಗಳಲ್ಲಿ ಇಂಥವು ಜಾಸ್ತಿ. ಇನ್ನೊಂದು ಗುರುತು ಇಸವಿ. ಟಿಪ್ಪು 1787ರ ಹೊತ್ತಿಗೆ ಹಿಜರಿಯನ್ನು ಬಿಟ್ಟು, ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ತಂದ. ಅಲ್ಲಿಂದಾಚೆ ನಾಣ್ಯದ ಮೇಲಿನ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1216 ಎಂಬುದು ನಮ್ಮ ಕಣ್ಣಿಗೆ 6121ರ ಹಾಗೆ ಕಾಣುತ್ತದೆ. ಅದು ಸುಮಾರು 1788. ಇದನ್ನು ಓದಲು ಬಾರದ ಮಾರಾಟಗಾರರು ಏನೇನೋ ಇಸವಿ ಹೇಳುತ್ತಾರೆ.

ಹಾಗಾದರೆ ಪೂರ್ತಿ ಲಕ್ಷವನ್ನೂ ತಾಮ್ರಕ್ಕೇ ಹಾಕಿದರಾಗದೇ? ಆಗದು. ದುಡ್ಡಿದ್ದರೂ ನನಗೆ ಬೇಕಾದ ಕಾಸುಗಳು ಪೇಟೆಗೆ ಬರಬೇಕಲ್ಲ. ದುಡ್ಡು ಇದೆ ಎಂಬ ಒಂದೇ ಕಾರಣಕ್ಕೆ ಕೊಂಡರೆ ಸವೆದ ಜೊಹ್ರಾಗಳು ರಾಶಿ ಬೀಳುತ್ತವೆ. ತಾಮ್ರ ನಿಧಾನವಾಗಿ, ಸಣ್ಣ ಸಣ್ಣ ಮೊತ್ತದಲ್ಲಿ ಕೂಡಿಸಬೇಕಾದ ಲೋಹ.

ಈಗ ವರಾಹ. ಮನೆಯಲ್ಲಿ ಎಲ್ಲರ ಓಟು ಇದಕ್ಕೇ ಇತ್ತು. “ರೀ, ಚಿನ್ನ ಅಂದ್ರೆ ಯಾವತ್ತಿದ್ರೂ ಚಿನ್ನವೇ ಅಲ್ವಾ, ನಾಳೆ ಕಷ್ಟ ಬಂದ್ರೆ ಕೈ ಬಿಡಲ್ಲ” ಎಂದಳು ನನ್ನ ಹೆಂಡತಿ. ಅವಳ ಮಾತಿನಲ್ಲಿ ತಪ್ಪಿಲ್ಲ. ಬೆಳ್ಳಿಯ ಹೈದರಿಯನ್ನು ಕರಗಿಸಿದರೆ ಕೊಟ್ಟ ಬೆಲೆಯ ಸಣ್ಣ ಪಾಲೂ ಬರುವುದಿಲ್ಲ. ವರಾಹಕ್ಕೆ ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಚಿನ್ನದಲ್ಲೇ ಇರುತ್ತದೆ.

ನಾಣ್ಯವೂ ಸೊಗಸಾದದ್ದು. ಹೈದರಾಲಿ 1763ರಲ್ಲಿ ಬಿದನೂರು ಗೆದ್ದ ಮೇಲೆ ಅಲ್ಲಿನ ಇಕ್ಕೇರಿ ನಾಯಕರ ವರಾಹದ ಮಾದರಿಯನ್ನೇ ಉಳಿಸಿಕೊಂಡ. ಮುಂದೆ ಶಿವ ಪಾರ್ವತಿ ಕೂತಿದ್ದಾರೆ. ಹಿಂದೆ ಚುಕ್ಕಿಗಳ ನಡುವೆ ಅವನ ಹೆಸರಿನ ಮೊದಲ ಅಕ್ಷರ, ಅರಬ್ಬಿಯ ‘ಹೆ’. ಆ ಅಕ್ಷರವನ್ನು ಟಿಪ್ಪು ಕೂಡ ತನ್ನ ವರಾಹದಲ್ಲಿ ಮುಂದುವರಿಸಿದ. ಇದಕ್ಕಿಂತ ಹಳೆಯದು ಕಂಠೀರಾಯ ಹಣ, 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರದ್ದು. ಕಾಳಿನಷ್ಟು ಸಣ್ಣದು, ಅದರೊಳಗೆ ನರಸಿಂಹ. ಇದರಲ್ಲಿ ಅಗಲ ಕಂಠೀರಾಯ, ಗಿಡ್ಡ ಕಂಠೀರಾಯ ಎಂದು ಎರಡು ಬಗೆ. ಅಗಲದ್ದು ಹಳೆಯದು. ಗಿಡ್ಡದ್ದು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮತ್ತೆ ಹೊಡೆಸಿದ್ದು. ಕೊಳ್ಳುವವರು ಈ ವ್ಯತ್ಯಾಸ ಕೇಳಲೇಬೇಕು.

ಪರಿಚಯದ ವ್ಯಾಪಾರಿಯೊಬ್ಬರು ವರಾಹವನ್ನು ಕೆಲವು ದಿನ ನನ್ನ ಬಳಿ ಇಟ್ಟುಕೊಂಡು ನೋಡಲು ಕೊಟ್ಟರು. ತೂಕ ಸುಮಾರು 3.4 ಗ್ರಾಂ, ಸರಿಯಾಗಿಯೇ ಇತ್ತು. ಆದರೆ ನನ್ನ ಮುಂದಿನ ಪರೀಕ್ಷೆ ಇಲ್ಲಿ ಕೈಕೊಟ್ಟಿತು. ನಾನು ಮನೆಯಲ್ಲಿ ಮಾಡುವುದು ನೀರಿನ ಪರೀಕ್ಷೆ. ತೂಕದ ಯಂತ್ರದ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿಕೊಳ್ಳಬೇಕು. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಿನಲ್ಲಿ ಇಳಿಬಿಡಬೇಕು. ಆಗ ಯಂತ್ರ ತೋರಿಸುವ ಅಂಕಿಯಿಂದ ನಾಣ್ಯದ ಒಟ್ಟು ತೂಕವನ್ನು ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ. ವರಾಹಕ್ಕೆ ಯಂತ್ರ ತೋರಿಸುವುದು 0.20 ಗ್ರಾಂ ಆಸುಪಾಸು. ನನ್ನ ಯಂತ್ರದಲ್ಲಿ 0.01 ಆಚೆ ಈಚೆ ಆದರೂ ಉತ್ತರ 16ರಿಂದ 18ರವರೆಗೆ ಓಡಾಡುತ್ತದೆ. ಅಂದರೆ ಒಳ್ಳೆಯ ಚಿನ್ನವೋ ಕಲಬೆರಕೆ ಜಾಸ್ತಿಯೋ ಹೇಳಲಾಗದು. ಕಂಠೀರಾಯ ಹಣಕ್ಕಂತೂ ಈ ಪರೀಕ್ಷೆ ಆಗುವುದೇ ಇಲ್ಲ, ಅದರ ಪೂರ್ತಿ ತೂಕವೇ ಗ್ರಾಮಿನ ಮೂರನೇ ಒಂದು ಭಾಗದಷ್ಟು.

ಅಶೋಕ ರಸ್ತೆಯಲ್ಲಿ ಚಿನ್ನದ ಶುದ್ಧತೆ ನೋಡುವ ಯಂತ್ರಕ್ಕೆ ಕೊಟ್ಟೆ. ಚಿನ್ನ ಎಂದಿತು. ಆದರೆ ಆ ಯಂತ್ರಕ್ಕೆ ಲೋಹ ಗೊತ್ತು, ಕಾಲ ಗೊತ್ತಿಲ್ಲ. ನಿಜವಾದ ಚಿನ್ನದಲ್ಲೇ ಹೊಸದಾಗಿ ಅಚ್ಚು ಹೊಡೆದರೂ ಅದು ಪಾಸು ಮಾಡುತ್ತದೆ. ಇನ್ನು ಅಚ್ಚನ್ನು ನೋಡಿ ಹೇಳಬೇಕೆಂದರೆ ಶಿವ ಪಾರ್ವತಿಯರ ವರಾಹ ಹೊಡೆಸಿದವರು ಹಲವರು. ಇಕ್ಕೇರಿಯ ನಾಯಕರು, ಹೈದರ್, ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು, ಎಲ್ಲರದ್ದೂ ಅದೇ ಚಿತ್ರ. ಆ ಮುಖಗಳನ್ನು ಬೇರ್ಪಡಿಸುವಷ್ಟು ಚಿನ್ನ ನಾನು ಕೈಯಲ್ಲಿ ಹಿಡಿದಿಲ್ಲ. ಅದಕ್ಕೇ ವಾಪಸ್ ಕೊಟ್ಟೆ.

ವರಾಹ ನೋಡುವವರು ಅಂಚನ್ನು ಮಾತ್ರ ಬಿಡಬೇಡಿ. ನಮ್ಮ ಕಡೆ ಇವು ಕಾಸಿನ ಸರದಲ್ಲಿ, ತಾಳಿಯ ಪಕ್ಕದಲ್ಲಿ ಎಷ್ಟೋ ತಲೆಮಾರು ಕೂತಿದ್ದವು. ಕೊಂಡಿ ಬೆಸೆದು ಆಮೇಲೆ ಅರದಲ್ಲಿ ತಿಕ್ಕಿ ತೆಗೆದ ಗುರುತು ಇದ್ದರೆ ಸಂಗ್ರಹಕಾರರಲ್ಲಿ ಬೆಲೆ ತುಂಬಾ ಇಳಿಯುತ್ತದೆ.

ಉಳಿದದ್ದು ಹೈದರಿ. ತೂಕ 23 ಗ್ರಾಂ ಹತ್ತಿರ. ಕೈಯಲ್ಲಿಟ್ಟರೆ ಅಂಗೈಗೆ ಭಾರ ಗೊತ್ತಾಗುತ್ತದೆ. ಮೇಲೆ ಪಾರ್ಸಿಯಲ್ಲಿ ‘ಹೈದರನ ಜಯದಿಂದ ಅಹಮದರ ಧರ್ಮ ಲೋಕದಲ್ಲಿ ಬೆಳಗಿದೆ’ ಎಂಬರ್ಥದ ಬರಹ. ಆ ಕಾಲದಲ್ಲಿ ಹಿಂದುಸ್ತಾನದ ಬಹುತೇಕ ಅರಸರು, ಈಸ್ಟ್ ಇಂಡಿಯಾ ಕಂಪನಿ ಕೂಡ, ದೆಹಲಿಯ ಮೊಘಲ್ ಬಾದಷಹ ಷಾ ಆಲಂ ಹೆಸರಿನಲ್ಲಿ ರೂಪಾಯಿ ಹೊಡೆಸುತ್ತಿದ್ದರು. ಟಿಪ್ಪು ಹಾಕಿಸಲಿಲ್ಲ. ತನ್ನ ಹೆಸರನ್ನೂ ಹಾಕಿಸಲಿಲ್ಲ. ಒಬ್ಬ ಅರಸ ತನ್ನ ನಿಲುವನ್ನು ಬೆಳ್ಳಿಯ ಮೇಲೆ ಬರೆದಿಟ್ಟದ್ದು ಇದು. ಅದೂ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯ ಊರಿನಲ್ಲಿ ಹೊಡೆದದ್ದು.

ಎರಡು ಹೈದರಿಗಳು ನೋಡಲು ಸಿಕ್ಕವು. ಒಂದು ಬೆಂಗಳೂರಿನ ಹರಾಜಿನಲ್ಲಿ, ಗ್ರೇಡಿಂಗ್ ಕಂಪನಿಯ, ಅಂದರೆ ನಾಣ್ಯದ ಅಸಲಿತನ, ಸ್ಥಿತಿ ನೋಡಿ ಅಂಕ ಕೊಡುವವರ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲಾದದ್ದು. ಹೊಳಪು ಹಾಗೆಯೇ ಇತ್ತು, ಅಕ್ಷರಗಳು ಚೂಪಾಗಿ ನಿಂತಿದ್ದವು. ಹರಾಜಿಗೆ ಮುಂಚೆ ನೋಡಲು ಬಿಡುತ್ತಾರೆ, ಹೋಗಿ ನೋಡಿದೆ. ಸೀಲಾದ ನಾಣ್ಯದ ಅನುಕೂಲ ಎಂದರೆ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಕಂಪನಿಯ ಜಾಲತಾಣದಲ್ಲಿ ಹಾಕಿ ತಾಳೆ ನೋಡಬಹುದು. ಅನನುಕೂಲ, ನಾನೇ ತೂಗಲಾರೆ, ಅಂಚನ್ನು ಬೆರಳಿನಲ್ಲಿ ಮುಟ್ಟಲಾರೆ. ನನ್ನ ನಂಬಿಕೆಯನ್ನು ಪೂರ್ತಿ ಬೇರೆಯವರ ಕೈಗೆ ಕೊಟ್ಟ ಹಾಗೆ. ಬೆಲೆಯೂ ನಾಣ್ಯಕ್ಕಿಂತ ಗ್ರೇಡಿನ ಅಂಕಿಗೆ ಜಾಸ್ತಿ.

ಹರಾಜಿನ ಲೆಕ್ಕ ಹೊಸಬರಿಗೆ ಹೇಳಲೇಬೇಕು. ಕೂಗಿದ ಬೆಲೆ ಕೊನೆಯ ಬೆಲೆ ಅಲ್ಲ. ಅದರ ಮೇಲೆ ಹರಾಜಿನವರ ಕಮಿಷನ್, ಜಿಎಸ್‌ಟಿ, ಕೊರಿಯರ್. ಆ ಹರಾಜಿನಲ್ಲಿ ಎಲ್ಲ ಸೇರಿ ಐದನೇ ಒಂದು ಭಾಗದಷ್ಟು ಮೇಲೆ ಬೀಳುತ್ತಿತ್ತು. ಕೈಯಲ್ಲಿ ಒಂದು ಲಕ್ಷ ಇದ್ದರೆ ನಾನು ಕೂಗಬಹುದಾದದ್ದು 83,000 ಮಾತ್ರ. ಅದನ್ನು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಂಡು ಕೂತೆ. ಬೆಲೆ ಅದನ್ನು ದಾಟಿತು, ಬಿಟ್ಟೆ.

ಇನ್ನೊಂದು ಹೈದರಿ ವ್ಯಾಪಾರಿಯೊಬ್ಬರ ಬಳಿ ಸಿಕ್ಕಿತು. ಸೀಲಿಲ್ಲ, ಗ್ರೇಡಿಲ್ಲ. ಎತ್ತರದ ಜಾಗಗಳು ಸ್ವಲ್ಪ ಸವೆದಿದ್ದವು. ಆದರೆ ಬೂದು ಬಣ್ಣದ ಹಳೆಯ ಪೊರೆ ಮೈತುಂಬ ಹಾಗೇ ಇತ್ತು. ಇದು ನನಗೆ ತುಂಬಾ ಮುಖ್ಯ. ನಮ್ಮಲ್ಲಿ ಎಷ್ಟೋ ಒಳ್ಳೆಯ ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಬಿಟ್ಟಿರುತ್ತಾರೆ. ಆ ಹೊಳಪು ನೋಡಲು ಚೆನ್ನ, ಆದರೆ ಗೆರೆಗಳು ಉಳಿದುಬಿಡುತ್ತವೆ. ಆ ಗಾಯ ಮಾಯುವುದಿಲ್ಲ. ದಯವಿಟ್ಟು ಯಾವ ಹಳೆಯ ನಾಣ್ಯವನ್ನೂ ತಿಕ್ಕಬೇಡಿ.

“ನೀರಿನಲ್ಲಿ ಅದ್ದಿ ನೋಡಬಹುದಾ ಸಾರ್?” ಎಂದು ಕೇಳಿದೆ. “ಧಾರಾಳವಾಗಿ ನೋಡಿ, ನೀರು ತಾನೇ” ಎಂದರು. ಯಂತ್ರ 2.2 ಗ್ರಾಂ ಚಿಲ್ಲರೆ ತೋರಿಸಿತು, ಸಾಂದ್ರತೆ 10.3ರ ಹತ್ತಿರ. ಬೆಳ್ಳಿಗೆ ಇರಬೇಕಾದದ್ದೇ. ಒಳಗೆ ತಾಮ್ರ ಇಟ್ಟು ಮೇಲೆ ಬೆಳ್ಳಿ ಲೇಪಿಸಿದ್ದರೆ ಅದು 2.5 ದಾಟುತ್ತಿತ್ತು. ನಾಣ್ಯ ದೊಡ್ಡದಾದ್ದರಿಂದ ಮನೆಯ ಯಂತ್ರದಲ್ಲೇ ಈ ವ್ಯತ್ಯಾಸ ಸ್ಪಷ್ಟ. ಇಸವಿ 1216, ಮೌಲೂದಿ, ಬಲದಿಂದ ಎಡಕ್ಕೆ. ‘ಪಟನ್’ ಎಂಬ ಬರಹದ ತಿರುವು ನನ್ನ ತಾಮ್ರದ ಕಾಸುಗಳಲ್ಲಿ ನೋಡಿ ನೋಡಿ ಪರಿಚಯವಾದದ್ದೇ. ಅಂಚಿನಲ್ಲಿ ಎರಕದ ಗೆರೆ ಇಲ್ಲ, ಕೊಂಡಿಯ ಗುರುತಿಲ್ಲ.

ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು. ಮರಳಿ ಮಾರಲು ಸುಲಭ ವರಾಹ, ನೋಡಲು ಚೆಂದ ಸೀಲಾದ ಹೈದರಿ. ಆದರೆ ನನ್ನ ಕಣ್ಣಿನಿಂದಲೇ, ನನ್ನ ಯಂತ್ರದಿಂದಲೇ ಪೂರ್ತಿ ಪರೀಕ್ಷಿಸಲು ಆದದ್ದು ಈ ಸವೆದ ಹೈದರಿ ಒಂದನ್ನೇ. ದೊಡ್ಡ ದುಡ್ಡು ಕೊಡುವಾಗ ನಾನು ಇದನ್ನೇ ಮೇಲೆ ಇಡುತ್ತೇನೆ. ಮೈಸೂರಿನ ಒಡೆಯರ ಚಿನ್ನವನ್ನೇ ವರ್ಷಗಟ್ಟಲೆ ಕೂಡಿಸಿದವರಿಗೆ ಈ ಲೆಕ್ಕ ತಿರುಗುಮುರುಗಾಗಬಹುದು. ಅವರಿಗೆ ವರಾಹವೇ ಸರಿ.

ಕೊಳ್ಳುವಾಗ ಬಿಲ್ಲು ಕೇಳಿದೆ, ನಾಣ್ಯದ ಫೋಟೊ ಮತ್ತು ತೂಕ ಅದರಲ್ಲೇ ನಮೂದಾಗಲಿ ಎಂದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ನಾವು ಅದನ್ನು ದೇಶದಾಚೆ ಕಳಿಸುವ ಹಾಗಿಲ್ಲ. ವಿದೇಶದಲ್ಲಿರುವ ಮಗನಿಗೆ ಉಡುಗೊರೆ ಕೊಡೋಣ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ‘ಹೊಲ ಉಳುವಾಗ ಸಿಕ್ತು’ ಎಂದು ಕತೆ ಹೇಳಿ ಯಾರಾದರೂ ಗಂಟು ಬಿಚ್ಚಿದರೆ ಅಲ್ಲಿಂದ ಎದ್ದು ಬನ್ನಿ. ಕತೆ ಸುಳ್ಳಾದರೆ ನಾಣ್ಯ ನಕಲಿ. ನಿಜವಾದರೆ ಅದು ನಿಧಿ, ಸರ್ಕಾರಕ್ಕೆ ತಿಳಿಸಬೇಕಾದದ್ದು.

ಹೈದರಿಯನ್ನು ಈಗ ಪಿವಿಸಿ ಇಲ್ಲದ ಗಟ್ಟಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಪೇಟೆಯಲ್ಲಿ ಸಿಗುವ ಮೆತ್ತನೆಯ ಪ್ಲಾಸ್ಟಿಕ್ ಚೀಲಗಳು ವರ್ಷ ಕಳೆದಂತೆ ಅಂಟುಅಂಟಾಗಿ ನಾಣ್ಯಕ್ಕೆ ಹಸಿರು ಹಿಡಿಸುತ್ತವೆ, ಮಳೆಗಾಲದಲ್ಲಂತೂ ಇನ್ನೂ ಬೇಗ. ಡಬ್ಬಿಯ ಜೊತೆ ಒಂದು ಸಿಲಿಕಾ ಪೊಟ್ಟಣ, ಬಿಲ್ಲಿನ ಒಂದು ಪ್ರತಿ. ಇನ್ನೊಂದು ಪ್ರತಿ ಹೆಂಡತಿಯ ಬೀರುವಿನಲ್ಲಿದೆ. ಏನು, ಎಷ್ಟಕ್ಕೆ, ಯಾರಿಂದ ಕೊಂಡದ್ದು ಎಂದು ಮನೆಯವರಿಗೂ ಗೊತ್ತಿರಲಿ ಎಂದು.