ಹಳೇ ಜೀಪಿನ ಸ್ಟೇರಿಂಗ್ 'ಅಪ್‌ಗ್ರೇಡ್' ಮಾಡಿಸೋ ಮೊದಲು ಇದನ್ನೊಮ್ಮೆ ಓದಿ

ಕಳೆದ ಏಪ್ರಿಲ್‌ನಲ್ಲಿ ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ನಮ್ಮ ಜೀಪಿನ ಎಡಗಾಲಿ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಬಲಗಾಲಿ ಇನ್ನೂ ಕೇಳುತ್ತಿತ್ತು, ಅಷ್ಟೇ ಪುಣ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಎಷ್ಟೋ ಅಂಗಳಗಳಲ್ಲಿ ಹಳೇ ಮಹೀಂದ್ರಾ ಜೀಪು ಈಗಲೂ ನಿಂತಿರುತ್ತದೆ. ಸೊಪ್ಪಿನ ಬೆಟ್ಟಕ್ಕೆ, ತೋಟದ ರಸ್ತೆಗೆ ಅದನ್ನು ಬಿಟ್ಟರೆ ಬೇರೆ ಗಾಡಿ ಇಳಿಯುವುದಿಲ್ಲ. ಅದರ ಸ್ಟೇರಿಂಗ್ ಸಡಿಲಾಗಿದೆ, 'ಸ್ವಲ್ಪ ಒಳ್ಳೇದು' ಹಾಕಿಸೋಣ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ತಂದ ಗಾಡಿ. ಮುಂದೆ ಇಡೀ ಆಕ್ಸಲ್, ಕಮಾನು ಪಾಟಾ, ಹಳೇ ನಮೂನೆಯ ಸ್ಟೇರಿಂಗ್. ಈ ನಮೂನೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಸ್ಟೇರಿಂಗ್ ಬಾಕ್ಸಿನ ಡ್ರಾಪ್ ಆರ್ಮ್ ಎಂಬ ತೋಳು ಡ್ರಾಗ್ ಲಿಂಕ್ ಎಂಬ ಸರಳನ್ನು ಹಿಂದೆ ಮುಂದೆ ತಳ್ಳುತ್ತದೆ. ಆ ಲಿಂಕು ಮುಂದಿನ ಅಡ್ಡಪಟ್ಟಿಯ ಮೇಲೆ ಒಂದು ಪಿನ್ನಿಗೆ ಕೂತಿರುವ ಬೆಲ್ ಕ್ರ್ಯಾಂಕ್ ಎಂಬ ಮೊಣಕೈಯಂಥ ತುಂಡನ್ನು ತಿರುಗಿಸುತ್ತದೆ. ಬೆಲ್ ಕ್ರ್ಯಾಂಕಿನಿಂದ ಎರಡು ಟೈ ರಾಡು, ಒಂದೊಂದು ಗಾಲಿಗೆ ಒಂದೊಂದು. ಎಣಿಸಿದರೆ ಸವೆಯುವ ಜಾಗ ಆರೇಳು ಸಿಗುತ್ತವೆ. ಒಂದೊಂದರಲ್ಲಿ ಕೂದಲೆಳೆಯಷ್ಟು ಪ್ಲೇ (ಸಡಿಲ) ಇದ್ದರೂ ಎಲ್ಲ ಸೇರಿ ಸ್ಟೇರಿಂಗ್ ಚಕ್ರದಲ್ಲಿ ಅಂಗೈ ಅಗಲ ಆಗುತ್ತದೆ. ನಮ್ಮದರಲ್ಲಿ ಆಗಿದ್ದೂ ಅದೇ. ಮಳೆಗಾಲದ ಕೆಸರು, ಹಳ್ಳದ ನೀರು, ಗ್ರೀಸ್ ಹೊಡೆಯಲು ನನ್ನ ಸೋಮಾರಿತನ ಎಲ್ಲ ಸೇರಿ ಬೆಲ್ ಕ್ರ್ಯಾಂಕಿನ ಪಿನ್ನು, ಬುಶ್ಶು ತಿಂದು ಹೋಗಿದ್ದವು. ಅದರ ಮೇಲೆ ಚೆಂದಕ್ಕೆಂದು ದೊಡ್ಡ ಟಯರ್ ಬೇರೆ ಹಾಕಿಸಿದ್ದೆ. ಗಾಲಿ ಭಾರ ಹೆಚ್ಚಾದಷ್ಟೂ ಈ ಜಾಯಿಂಟುಗಳ ಮೇಲೆ ಪೆಟ್ಟು ಹೆಚ್ಚು. 45-50ರ ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಮುಂದಿನ ಎರಡೂ ಗಾಲಿ ಎಡಕ್ಕೆ ಬಲಕ್ಕೆ ನಡುಗಲು ಶುರು. ಗ್ಯಾರೇಜಿನವರು ವಾಬ್ಲಿಂಗ್ ಅನ್ನುತ್ತಾರಲ್ಲ, ಅದು. ಪೂರ್ತಿ ನಿಲ್ಲಿಸುವವರೆಗೂ ಬಿಡುತ್ತಿರಲಿಲ್ಲ.

ಮೊದಲು ಹೋದ ಕಡೆ ಸ್ಟೇರಿಂಗ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿ ಕಳಿಸಿದರು. ಸ್ಟೇರಿಂಗ್ ಚಕ್ರ ನೆಟ್ಟಗಿದ್ದಾಗ ಪ್ಲೇ ಕಡಿಮೆಯಾದಂತೆ ಕಂಡಿತು. ಬಾಕ್ಸು ಸವೆಯುವುದು ನಡುವಿನ ಜಾಗದಲ್ಲಿ, ಏಕೆಂದರೆ ಗಾಡಿ ಹೆಚ್ಚಿನ ಹೊತ್ತು ನೆಟ್ಟಗೇ ಓಡುತ್ತದೆ. ನಡುವಿಗೆ ಹೊಂದುವಂತೆ ಬಿಗಿ ಮಾಡಿದರೆ ಸವೆಯದ ಬದಿಗಳಲ್ಲಿ ಹಿಡಿಯುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಕೈಯಿಂದ ಎಳೆದು ತರಬೇಕು. ಘಟ್ಟದಲ್ಲಿ ಇದು ಎಂಥಾ ಹಿಂಸೆ ಅಂತ ಓಡಿಸಿದವರಿಗೇ ಗೊತ್ತು. ಜಾಯಿಂಟುಗಳನ್ನು ನೋಡದೇ ಮೊದಲು ಸ್ಕ್ರೂಡ್ರೈವರ್ ಹಿಡಿಯುವವರ ಹತ್ತಿರ ಸ್ಟೇರಿಂಗ್ ಕೆಲಸ ಕೊಡಬೇಡಿ.

ಎರಡನೇ ಗ್ಯಾರೇಜಿನ ಹೆಸರು ಹೇಳುವುದಿಲ್ಲ, ಜಗಳ ಬೇಡ. ಅಲ್ಲಿನವನು ಜೀಪಿನಡಿ ನುಸುಳಿ ಬಂದವನೇ, "ಹೆಗಡೇರೆ, ಈ ಬೆಲ್ ಕ್ರ್ಯಾಂಕೆಲ್ಲ ನಿಮ್ಮ ಅಜ್ಜನ ಕಾಲದ್ದು. ಕಿತ್ತು ಬಿಸಾಕಿ. ಎರಡೂ ಗಾಲಿ ಸೇರಿಸಿ ಒಂದೇ ಉದ್ದನೆ ಟೈ ರಾಡ್ ಹಾಕಿ ಕೊಡ್ತೆ, ದೊಡ್ಡ ಗಾಡೀದು. ಜನ್ಮಕ್ಕೆ ಸವೆಯೂದಿಲ್ಲ" ಎಂದ. ರಾಡ್ ತೋರಿಸಿದ. ನಮ್ಮದಕ್ಕಿಂತ ಎಷ್ಟೋ ದಪ್ಪ, ಜಾಯಿಂಟು ಸಣ್ಣ ಮಾವಿನಕಾಯಿಯಷ್ಟು ದಪ್ಪ. ನಾನು ಮರುಳಾದೆ. ಬೆಲ್ ಕ್ರ್ಯಾಂಕಿನ ಪಿನ್ನು-ಬುಶ್ಶಿನ ಕಿಟ್ಟು ಇವತ್ತಿಗೂ ಸಿಗುತ್ತದೆ, ಹಾಕುವುದು ಒಂದು ದಿನದ ಕೆಲಸ. ಅದನ್ನು ಆತ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ನಾಲ್ಕು ದಿನ ಬಿಟ್ಟು ಗಾಡಿ ತಂದೆ. ಮುಂದೆ ಶಾಕ್ ಅಬ್ಸಾರ್ಬರಿನಂಥ ಹಳದಿ ಬಣ್ಣದ ಸ್ಟೇರಿಂಗ್ ಡ್ಯಾಂಪರ್ ಒಂದು ಹೊಸದಾಗಿ ಕೂತಿತ್ತು. ವಾಬ್ಲಿಂಗ್ ಸಂಪೂರ್ಣ ಮಾಯ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡುತ್ತಿತ್ತು. ಆಯಿಯ ಹತ್ತಿರ ಹೊಗಳಿಕೊಂಡೆ, ಭಾವನಿಗೂ ಶಿಫಾರಸು ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಡ್ಯಾಂಪರ್ ಮಾಡಿದ ಕೆಲಸ ಏನೆಂದರೆ, ನಡುಕವನ್ನು ಅದುಮಿ ಹಿಡಿದಿದ್ದು. ನಡುಕಕ್ಕೆ ಕಾರಣ ಕೆಳಗೆ ಹಾಗೇ ಇತ್ತು. ಜ್ವರಕ್ಕೆ ಮಾತ್ರೆ ನುಂಗಿ ಸೋಂಕನ್ನು ಬಿಟ್ಟ ಹಾಗೆ. ಗಾಲಿ ಎಡಬಲಕ್ಕೆ ತಿರುಗುವ ಗೂಟ, ಅಂದರೆ ಕಿಂಗ್ ಪಿನ್ನು, ಅದರ ಬೇರಿಂಗಿನ ಪ್ಲೇಯನ್ನು ಯಾರೂ ಮುಟ್ಟಿರಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಿಂತಲ್ಲೇ ತಿರುಗಿಸುವಾಗ 'ಟಕ್' ಎಂಬ ಸದ್ದು ಶುರುವಾಯಿತು. ಗಾಡಿ ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಚಕ್ರ ಒಂದು ದಿನ ಇಷ್ಟು ಎಡಕ್ಕೆ, ಇನ್ನೊಂದು ದಿನ ಇಷ್ಟು ಬಲಕ್ಕೆ ನಿಲ್ಲುತ್ತಿತ್ತು. ಅನುಮಾನ ಬಂದು ಬಾನೆಟ್ ಮೇಲಿಂದ ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ನಟ್ ಇದೆ, ಅದು ತಿರುಗದಂತೆ ತೂರಿಸುವ ಸ್ಪ್ಲಿಟ್ ಪಿನ್ ಇದೆ. ಎಲ್ಲ ಸರಿ ಇದೆ ಅಂದುಕೊಂಡೆ.

ಆ ದಿನ ಕುಮಟಾದಲ್ಲಿ ಅಕ್ಕನ ಮನೆಗೆ ಹೋಗಿ ವಾಪಸ್ ಬರುತ್ತಿದ್ದೆ. ಹೆದ್ದಾರಿ ಬದಿ ಅಳ್ವೆಕೋಡಿಯಲ್ಲಿ ಸಿಹಿ ಈರುಳ್ಳಿಯ ಜಡೆಗಳನ್ನು ಕೊಂಡು ಹಿಂದೆ ತೂಗು ಹಾಕಿದ್ದೆ. ಪಕ್ಕದಲ್ಲಿ ಅಕ್ಕನ ಮಗ, ಹನ್ನೊಂದು ವರ್ಷದವನು, ರಜೆಗೆಂದು ನಮ್ಮನೆಗೆ ಹೊರಟಿದ್ದ. ಕತಗಾಲ ದಾಟಿ ಘಟ್ಟ ಹತ್ತುತ್ತಿದ್ದೆವು. ಎರಡನೇ ಗೇರು, ವೇಗ ಇಪ್ಪತ್ತೂ ಇರಲಿಲ್ಲ. ಬಲಕ್ಕೆ ತಿರುಗುವ ಒಂದು ತಿರುವು. ಕೆಳಗಿನಿಂದ 'ಟಣ್' ಎಂದು ಕಬ್ಬಿಣ ಬಿದ್ದ ಸದ್ದು, ಹಿಂದೆಯೇ ರಸ್ತೆ ಕೆರೆಯುವ ಸದ್ದು. ಚಕ್ರ ನನ್ನ ಕೈಯಲ್ಲಿ ಹಗುರಾಯಿತು. "ಮಾವಾ, ಈ ಬದಿ ಗಾಲಿ ಎಂತಕ್ಕೆ ಹೊರಗೆ ಹೋಗ್ತಾ ಇದ್ದು?" ಎಂದ ಹುಡುಗ. ಇಣುಕಿ ನೋಡಿದರೆ ಎಡಗಾಲಿ ಎಡಕ್ಕೆ, ಬಲಗಾಲಿ ಬಲಕ್ಕೆ. ಬ್ರೇಕ್ ಒತ್ತಿದೆ. ಗಾಡಿ ಎಡಕ್ಕೆ ಎಳೆದುಕೊಂಡು ಚರಂಡಿಗಿಳಿದು ಧರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಗೆ, ಬಂಪರ್ ಆನಿಸಿ ನಿಂತಿತು. ಎಡಗಡೆ ಧರೆ ಇತ್ತು. ಅಷ್ಟರಿಂದಲೇ ಬದುಕಿದೆವು. ಮುಂದಿನ ತಿರುವಿನಲ್ಲಿ ಅದೇ ಎಡಗಡೆ ಪ್ರಪಾತ. ಎಂಜಿನ್ ನಿಂತ ಮೇಲೆ ಈರುಳ್ಳಿ ರಸ್ತೆಯಲ್ಲಿ ಕೆಳಗೆ ಉರುಳುವುದು ಮಾತ್ರ ಕೇಳುತ್ತಿತ್ತು.

ಹುಡುಗನನ್ನು ಒಂದು ಟೆಂಪೋದಲ್ಲಿ ಕಳಿಸಿ, ಅಪ್ಪಯ್ಯನ ಕಾಲದ ಹಳೇ ಮೇಸ್ತ್ರಿಗೆ ಫೋನ್ ಮಾಡಿದೆ. ಕೆಲಸ ಬಿಟ್ಟು ವರ್ಷಗಳಾಗಿವೆ, ಆದರೂ ಮಗನ ಬೈಕಿನಲ್ಲಿ ಬಂದರು. ಟೈ ರಾಡಿನ ಎಡ ತುದಿ ಕಳಚಿ ಬಿದ್ದಿತ್ತು. ಅವರು ಅದರ ಸ್ಟಡ್ಡನ್ನು (ಜಾಯಿಂಟಿನಿಂದ ಮೇಲೆ ಚಾಚಿದ ಗೂಟವನ್ನು) ಪಂಚೆಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟು, "ಎಲ್ಲಿ ಹೊಳೀತಾ ಇದೆ ನೋಡಿ" ಎಂದರು.

ಬುಡದಲ್ಲಿ, ಜಾಯಿಂಟು ಮುಚ್ಚುವ ರಬ್ಬರ್ ಬೂಟಿನ ಮೇಲೆ, ಉಗುರಿನ ಅಂಚಿನಷ್ಟು ಅಗಲದ ಒಂದು ಉಂಗುರ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಪೂರಾ ಕಪ್ಪು, ಒಣ ಧೂಳು. ಅಂದರೆ ಸ್ಟಡ್ಡು, ಗಾಲಿಯನ್ನು ತಿರುಗಿಸುವ ಸ್ಟೇರಿಂಗ್ ಆರ್ಮಿನ ತೂತಿನಲ್ಲಿ ಆ ಒಂದು ಉಂಗುರದಲ್ಲಿ ಮಾತ್ರ ಮುಟ್ಟುತ್ತಿತ್ತು.

ಟೈ ರಾಡ್ ಎಂಡಿನ ಸ್ಟಡ್ಡು ನೆಟ್ಟಗಿನ ಬೋಲ್ಟಲ್ಲ, ಬೆಣೆಯ ಹಾಗೆ ಮೇಲಕ್ಕೆ ಸಣ್ಣದಾಗುತ್ತ ಹೋಗುತ್ತದೆ. ತೂತೂ ಅದೇ ಓರೆಯಲ್ಲಿರುತ್ತದೆ. ಎರಡೂ ಪೂರ್ತಿ ಉದ್ದಕ್ಕೆ ಅಂಟಿಕೊಂಡು ಕೂತಾಗಲೇ ಹಿಡಿತ. ನಟ್ಟಿನ ಕೆಲಸ ಆ ಬೆಣೆಯನ್ನು ಎಳೆದು ಹಿಡಿಯುವುದು, ಅಷ್ಟೇ. ಒಂದು ಗಾಡಿಯದ್ದು 8 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಸಣ್ಣದಾಗುವ ಓರೆ ಇದ್ದರೆ ಇನ್ನೊಂದರದ್ದು 10ಕ್ಕೆ 1 ಇರುತ್ತದೆ. ಕಣ್ಣಿಗೆ ಎರಡೂ ಒಂದೇ. ನಮ್ಮ ಗಾಡಿಗೆ ಆ ದೊಡ್ಡ ಸ್ಟಡ್ಡು ಹೋಗಲಿಲ್ಲವೆಂದು ಗ್ಯಾರೇಜಿನವನು ತೂತಿಗೆ ಸಾದಾ ಡ್ರಿಲ್ ಹೊಡೆದಿದ್ದ. ಓರೆಯ ತೂತು ನೆಟ್ಟ ತೂತಾಯಿತು. ಬೆಣೆ ಅಂಚಿಗೆ ಮಾತ್ರ ತಾಗಿ ಉಳಿದಿದ್ದೆಲ್ಲ ಗಾಳಿಯಲ್ಲಿ ನಿಂತಿತು. ಅಷ್ಟೇ ಅಲ್ಲ, ಸ್ಟಡ್ಡು ಇರಬೇಕಾದ್ದಕ್ಕಿಂತ ಮೇಲೆ ಬಂದದ್ದರಿಂದ ಸ್ಪ್ಲಿಟ್ ಪಿನ್ನಿನ ತೂತು, ಆ ಪಿನ್ನನ್ನು ಹಿಡಿಯಬೇಕಾದ ನಟ್ಟಿನ ಹಲ್ಲುಗಳನ್ನು ದಾಟಿ ಮೇಲೆ ಹೋಯಿತು. ನಾನು ಟಾರ್ಚಿನಲ್ಲಿ ಕಂಡ ಪಿನ್ನು ನಟ್ಟನ್ನು ಹಿಡಿದೇ ಇರಲಿಲ್ಲ. ಅದರ ಕೆಳಗೆ ನಟ್ಟು ತಿರುಗುತ್ತ ಸಡಿಲಾಗಿ, ಪಿನ್ನಿಗೆ ಬಡಿದು ಬಡಿದು ಕೊನೆಗೆ ಅದನ್ನು ಕತ್ತರಿಸಿ ಹೊರಬಿದ್ದಿದೆ. ರಾಡು ಕೆಳಗಿನಿಂದ ಮೇಲಕ್ಕೆ ತೂರಿಸಿದ್ದು, ನಟ್ಟು ಹೋದರೆ ತನ್ನ ಭಾರಕ್ಕೇ ಬೀಳುತ್ತದೆ.

ಇಂಥ ಕೆಲಸ ಮಾಡಿಸಲೇಬೇಕು ಅನ್ನುವವರು ಕೂಡಿಸುವಾಗ ಪಕ್ಕದಲ್ಲಿ ನಿಲ್ಲಿ. ಸ್ಟಡ್ಡಿನ ಉದ್ದಕ್ಕೆ ಮಾರ್ಕರ್ ಪೆನ್ನಿನಿಂದ ನಾಲ್ಕು ಗೆರೆ ಎಳೆಯಿರಿ, ಒಣ ತೂತಿಗೆ ಹಾಕಿ ತಿರುಚಿ ಹೊರಗೆ ತೆಗೆಯಿರಿ. ಗೆರೆ ಮೇಲಿಂದ ಕೆಳಗಿನವರೆಗೆ ಉಜ್ಜಿ ಹೋಗಿರಬೇಕು. ಒಂದೇ ತುದಿಯಲ್ಲಿ ಉಜ್ಜಿದ್ದರೆ ಆ ಪಾರ್ಟು ನಿಮ್ಮ ಗಾಡಿಗಲ್ಲ, ಯಾರು ಏನೇ ಹೇಳಲಿ. ತೂತು ದೊಡ್ಡದು ಮಾಡಲೇಬೇಕಿದ್ದರೆ ಅದೇ ಓರೆಯಲ್ಲಿ ತೂತು ಕೆರೆಯುವ ರೀಮರ್ ಬೇಕು, ಡ್ರಿಲ್ ಅಲ್ಲ. ಪಿನ್ನಿನ ತೂತು ನಟ್ಟಿನ ಹಲ್ಲಿನ ನಡುವೆ ಬರಬೇಕು. ಸ್ವಲ್ಪ ಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸುತ್ತಾರೆ, ಸಡಿಲು ಮಾಡಿ ಅಲ್ಲ. ಡ್ರಾಪ್ ಆರ್ಮನ್ನೋ ರಾಡನ್ನೋ ಕಾಯಿಸಿ ಬಗ್ಗಿಸುವುದು, ತುಂಡು ಸೇರಿಸಿ ವೆಲ್ಡಿಂಗ್ ಮಾಡುವುದು ಕಂಡರೆ ಗಾಡಿ ವಾಪಸ್ ತಗೊಂಡು ಬನ್ನಿ.

ಪ್ಲೇ ಎಲ್ಲಿದೆ ಎಂದು ಪತ್ತೆ ಮಾಡಲು ಗ್ಯಾರೇಜೇ ಬೇಕಾಗಿಲ್ಲ. ಎಂಜಿನ್ ಬಂದ್ ಮಾಡಿ, ಗಾಲಿ ನೆಲದ ಮೇಲಿದ್ದಂತೆ, ಒಬ್ಬರು ಸ್ಟೇರಿಂಗನ್ನು ಅತ್ತಿತ್ತ ಸ್ವಲ್ಪ ಸ್ವಲ್ಪ ಅಲುಗಿಸುತ್ತಿರಲಿ. ಇನ್ನೊಬ್ಬರು ಅಡಿಯಲ್ಲಿ ಮಲಗಿ ಒಂದೊಂದೇ ಜಾಯಿಂಟಿಗೆ ಕೈಯಿಟ್ಟು ನೋಡಲಿ. ಒಂದು ಬದಿ ಅಲುಗಿ ಇನ್ನೊಂದು ಬದಿ ತಡವಾಗಿ ಅಲುಗಿದರೆ ಅದೇ ಕಳ್ಳ. ಆಮೇಲೆ ಜಾಕ್ ಕೊಟ್ಟು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಗಾಲಿಯ ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಕಿಂಗ್ ಪಿನ್ನೋ ಹಬ್ ಬೇರಿಂಗೋ ನೋಡಿಸಬೇಕು.

ಇನ್ನೊಂದು, ಇದು ತಿಳಿದದ್ದು ಆಮೇಲೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಆ ದಿನ ಇನ್ನೊಬ್ಬರ ಗಾಡಿಗೆ ಬಡಿದಿದ್ದರೆ ವಿಮೆಯವರ ಮುಂದೆ ಆ ರಾಡ್ ಹಿಡಿದು ನಾನು ಏನು ಹೇಳುತ್ತಿದ್ದೆನೋ.

ಈಗ ಜೀಪಿಗೆ ಮತ್ತೆ ಬೆಲ್ ಕ್ರ್ಯಾಂಕೇ ಬಂದಿದೆ. ಹೊಸ ಪಿನ್ನು, ಬುಶ್ಶು, ನಾಲ್ಕೂ ಟೈ ರಾಡ್ ಎಂಡು. ಡ್ರಿಲ್ ಹೊಡೆದ ಆರ್ಮು ಗುಜರಿಗೆ ಹೋಯಿತು, ಅದಕ್ಕೆ ಬದಲಿ ಹುಡುಕಲು ಹುಬ್ಬಳ್ಳಿಗೆ ಎರಡು ಸಲ ಓಡಾಡಬೇಕಾಯಿತು. ಕಿಂಗ್ ಪಿನ್ ಬೇರಿಂಗ್ ಹಾಕಿ ಶಿಮ್ (ತೆಳು ತಗಡು) ಹೊಂದಿಸಿದ್ದಾರೆ. ಟಯರ್ ಮೊದಲಿನ ಅಳತೆಯದ್ದು. ಡ್ಯಾಂಪರ್ ಇಲ್ಲ, ವಾಬ್ಲಿಂಗೂ ಇಲ್ಲ. ದಪ್ಪ ರಾಡಿಗೆ ಕೊಟ್ಟ ದುಡ್ಡಿನ ಬಗ್ಗೆ ಆ ಗ್ಯಾರೇಜಿಗೆ ಫೋನ್ ಮಾಡಿದರೆ, "ನೀವು ಹೊಂಡದಲ್ಲಿ ಹಾರಿಸಿರ್ಬೇಕು" ಎಂದ.

ಅವನ ಹತ್ತಿರ ಅದೇ ಕೆಲಸ ಮಾಡಿಸಿದ ಇನ್ನೊಬ್ಬರು ಗೊತ್ತು. ನನ್ನ ಹೊಗಳಿಕೆ ಕೇಳಿ ಹೋದ ಭಾವ. ಮೊನ್ನೆ ಫೋನ್ ಮಾಡಿ, ಮೇಲಿಂದ ನೋಡಬೇಡ, ಅಡಿಗೆ ಮಲಗಿ ನಟ್ಟಿನ ಫೋಟೋ ತೆಗೆದು ಕಳಿಸು ಅಂದೆ. ರಾತ್ರಿ ಫೋಟೋ ಬಂತು. ನಟ್ಟಿನ ಹಲ್ಲಿನ ಮೇಲೆ ಎರಡು ಥ್ರೆಡ್ಡು ಬಿಟ್ಟು, ಪಿನ್ನು ಸುಮ್ಮನೆ ನಿಂತಿದೆ.