ಕೊಡಗಿನ ಸಿದ್ದಾಪುರದ ಬೋರ್ಡಿಲ್ಲದ ವರ್ಕ್‌ಶಾಪ್: ಬೋಟ್ ಮೋಟಾರ್ ರಿಪೇರಿಗೆ ಹೋಗಬಹುದಾ?

ಹೋಗಬಹುದು. ಫೆಬ್ರವರಿ, ಮಾರ್ಚಲ್ಲಿ ಮಾತ್ರ ಬೇಡ. ಆಗ ಅಂಗಡಿ ತುಂಬ ಸ್ಪ್ರಿಂಕ್ಲರ್ ಪಂಪ್‌ಸೆಟ್‌ಗಳೇ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷವಂತೂ ತೋಟದವರೆಲ್ಲ ಅಲ್ಲೇ ಬೀಡುಬಿಟ್ಟಿರುತ್ತಾರೆ. ನಿಮ್ಮ ಮೋಟಾರನ್ನು ಯಾರೂ ತಿರುಗಿ ನೋಡಲ್ಲ.

ಇದು ಬೋಟ್ ಅಂಗಡಿ ಅಲ್ಲ. ಬ್ರಷ್ ಕಟ್ಟರ್, ಚೈನ್‌ಸಾ, ಔಷಧಿ ಹೊಡೆಯುವ ಪಂಪು, ಇವೇ ಇಲ್ಲಿನ ಕಸುಬು. ಅದಕ್ಕೇ ನಾನೂ ಮೊದಲು ಈ ಕಡೆ ಬರಲಿಲ್ಲ.

ನಮ್ಮದು ಬೋಟಿನ ಹಿಂಬದಿಗೆ ಸಿಕ್ಕಿಸುವ ಮೋಟಾರ್, 15 ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ ಕಡೆ ಕಾವೇರಿ ಮನೆಯೊಳಗೇ ನುಗ್ಗಿದಳಲ್ವಾ, ಆಮೇಲೆ ಹೊಳೆ ಬದಿಯ ನಾವು ಕೆಲವರು ಸೇರಿ ಬೋಟ್ ಮತ್ತು ಮೋಟಾರ್ ತಂದೆವು. ವರ್ಷದ ಮುಕ್ಕಾಲು ಭಾಗ ಸುಮ್ನೆ ಕೂತಿರುತ್ತದೆ. ಬೇಕಾದ ದಿನ ಮಾತ್ರ ಓಡಲೇಬೇಕು.

ತೊಂದರೆ ಏನಪ್ಪಾ ಅಂದರೆ, ಹಗ್ಗ ಎಳೆದರೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ನಿಧಾನಕ್ಕೆ ಹೋದರೆ ತಕರಾರಿಲ್ಲ. ಫುಲ್ ಥ್ರಾಟಲ್ ಕೊಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಶಕ್ತಿ ಇಳಿದು, ಕೊಸರಾಡಿ, ನಿಂತೇ ಹೋಗುತ್ತಿತ್ತು. ಪೆಟ್ರೋಲ್ ಪೈಪಿನ ಮಧ್ಯೆ ಇರುವ ರಬ್ಬರ್ ಬಲ್ಬ್ ಅದುಮಿದರೆ ಮತ್ತೆ ಜೀವ ಬರುತ್ತಿತ್ತು. ಮೈಸೂರಿನ ಒಂದು ಕಡೆ ಕೊಟ್ಟೆವು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು, ಪ್ಲಗ್ ಬದಲಿಸಿದರು, ಒಳ್ಳೇ ಬಿಲ್ಲೂ ಹಾಕಿದರು. ವಾಪಸ್ ತಂದು ಹೊಳೆಗಿಳಿಸಿದರೆ ಅದೇ ರಾಗ.

ಸಿದ್ದಾಪುರದ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಎಂಜಿನ್ ನಿಲ್ಲುವಾಗ ಬಲ್ಬ್ ಹೇಗಿರುತ್ತೆ? ಗಟ್ಟಿಯಾ, ಮೆತ್ತಗಾ, ಚಪ್ಪಟೆಯಾ?’ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಗಟ್ಟಿಯಾಗಿದ್ದರೆ ಪೆಟ್ರೋಲ್ ಅಲ್ಲಿವರೆಗೆ ಬಂದಿದೆ, ಎಂಜಿನ್ ಕಡೆ ನೋಡಬೇಕು. ಎಷ್ಟು ಅದುಮಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ಒಳಗಿನ ವಾಲ್ವ್ ಹೋಗಿದೆ. ಚಪ್ಪಟೆಯಾಗಿ ಒಳಗೆ ಸೇದಿಕೊಂಡಿದ್ದರೆ ಟ್ಯಾಂಕ್ ಕಡೆ ಏನೋ ಕಟ್ಟಿಕೊಂಡಿದೆ. ಇಷ್ಟನ್ನು ಬೀಡಿ ಪಕ್ಕಕ್ಕಿಟ್ಟು ಹೇಳಿದರು. ಪೆಟ್ರೋಲ್ ಇರುವ ಅಂಗಡಿಯಲ್ಲಿ ಬೀಡಿ ಯಾಕೆ ಅಂತ ನೀವೇ ಕೇಳಿ, ನನಗೆ ಧೈರ್ಯ ಬರಲಿಲ್ಲ.

ನೀರಿನ ಡ್ರಮ್ಮಿನಲ್ಲಿ ಇಟ್ಟು ಓಡಿಸಿ ನೋಡಲಿಲ್ಲ. ಡ್ರಮ್ಮಿನಲ್ಲಿ ಎಂಜಿನ್ ಸುಮ್ನೆ ಗುರ್ ಅನ್ನುತ್ತಿರುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯಲ್ಲ, ರೋಗ ಕಾಣಿಸಲ್ಲ. ಭಾನುವಾರ ಹೊಳೆಗೇ ಬರುತ್ತೇನೆ ಅಂದರು, ಬಂದರು. ಯಾರೋ ಅಂಗಡಿಯಲ್ಲಿ ಬಿಟ್ಟುಹೋದ ಹಳೇ ಟ್ಯಾಂಕು, ಪೈಪು ಜೊತೆಗೆ ತಂದಿದ್ದರು. ಕನೆಕ್ಟರ್ ಒಂದೊಂದು ಕಂಪನಿಗೆ ಒಂದೊಂದು ಥರ, ಅದಕ್ಕೆ ಪೈಪನ್ನು ನೇರವಾಗಿ ಕ್ಲಿಪ್ ಹಾಕಿ ಕೂರಿಸಿದರು. ಅವರ ಟ್ಯಾಂಕಿನಲ್ಲಿ ಮೋಟಾರ್ ಫುಲ್ ಥ್ರಾಟಲ್‌ನಲ್ಲಿ ಆಚೆ ದಡ ಮುಟ್ಟಿ ಬಂತು. ಅಲ್ಲಿಗೆ ಕಾರ್ಬ್ಯುರೇಟರ್, ಫ್ಯೂಯಲ್ ಪಂಪ್, ಪ್ಲಗ್ ಎಲ್ಲ ಕೇಸಿನಿಂದ ಖುಲಾಸೆ. ಆಮೇಲೆ ಅದೇ ಪೈಪನ್ನು ನಮ್ಮ ಟ್ಯಾಂಕಿಗೆ ಹಾಕಿದರು. ಹೊಳೆ ಮಧ್ಯೆ ನಿಂತಿತು. ಬಲ್ಬ್ ನೋಡಿದರೆ ಚಪ್ಪಟೆ. ಬಲ್ಬಿನ ಮುಂದೆ ಗೇಣುದ್ದ ಪಾರದರ್ಶಕ ಟ್ಯೂಬ್ ಸೇರಿಸಿದ್ದರು, ಅದರಲ್ಲಿ ಗಾಳಿ ಗುಳ್ಳೆ ಇರಲಿಲ್ಲ. ಟ್ಯಾಂಕಿನ ಮುಚ್ಚಳದ ಮೇಲಿನ, ಒಳಗೆ ಗಾಳಿ ಬಿಡುವ ತಿರುಪು ತೆರೆದೇ ಇತ್ತು. ಉಳಿದದ್ದು ಟ್ಯಾಂಕಿನ ಒಳಗಿನ ಹೀರುವ ಕೊಳವೆ.

ಅದನ್ನು ಎಳೆದರೆ ತುದಿಯ ಜಾಲರಿಗೆ ಕಂದು ಬಣ್ಣದ ಅಂಟು ಮೆತ್ತಿಕೊಂಡಿತ್ತು, ಕಾಫಿ ಪಲ್ಪರ್ ತೊಳೆಯುವಾಗ ಬೆರಳಿಗೆ ಸಿಗುವ ಲೋಳೆಯ ಹಾಗೆ. ನಿಧಾನಕ್ಕೆ ಓಡುವಾಗ ಬೇಕಾದಷ್ಟು ಪೆಟ್ರೋಲ್ ಅದರಲ್ಲೇ ಸೋರಿ ಬರುತ್ತಿತ್ತು. ಜೋರು ಮಾಡಿದಾಗ ಸಾಲುತ್ತಿರಲಿಲ್ಲ, ಅಷ್ಟೇ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಬಂಡೆ ಮೇಲೆ ಇಟ್ಟರು. ಸ್ವಲ್ಪ ಹೊತ್ತಿಗೆ ಅಡಿಯಲ್ಲಿ ಬೇರೆಯೇ ಒಂದು ಪದರ ಕೂತಿತು, ನಡುವೆ ಸ್ಪಷ್ಟ ಗೆರೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟರೆ ಇನ್ನೇನಾಗುತ್ತದೆ? ತೋಟದ ಬ್ರಷ್ ಕಟ್ಟರ್‌ಗಳಿಗೂ ಇದೇ ಕಾಯಿಲೆಯಂತೆ. ಅದಕ್ಕೇ ಇವರಿಗೆ ಅದರ ನಾಡಿ ಸಿಕ್ಕಿದ್ದು.

ಇನ್ನೊಂದು ಮಾತು ಹೇಳಿದರು, ಟೂ-ಸ್ಟ್ರೋಕ್ ಇರುವವರೆಲ್ಲ ಕೇಳಬೇಕು. ಇದರಲ್ಲಿ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ, ನಮ್ಮದಕ್ಕೆ ಲೀಟರಿಗೆ 20 ಮಿಲೀ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. ಬಲ್ಬ್ ಅದುಮಿ ಅದುಮಿ ಫುಲ್ ಥ್ರಾಟಲ್‌ನಲ್ಲಿ ಓಡಿಸುತ್ತಾ ಹೋದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಗ ನೂರರಲ್ಲಿ ಮುಗಿಯುವ ರಿಪೇರಿ ಸಾವಿರಗಳಿಗೆ ಹೋಗುತ್ತದೆ.

ಕೂಲಿ 600 ರೂಪಾಯಿ ತೆಗೆದುಕೊಂಡರು. ಜಾಲರಿ ತೊಳೆದು, ಟ್ಯಾಂಕ್ ಒಣಗಿಸಿ, ಪೈಪಿಗೆ ನೀರು ಬೇರ್ಪಡಿಸುವ ಫಿಲ್ಟರ್ ಸೇರಿಸಿದರು. ಫಿಲ್ಟರಿನ ದುಡ್ಡು ಬೇರೆ.

ಕೊರತೆ ಇಲ್ಲದಿಲ್ಲ. ಔಟ್‌ಬೋರ್ಡಿನ ಬಿಡಿಭಾಗ ಇವರ ಹತ್ತಿರ ಏನೂ ಇರಲ್ಲ. ಫಿಲ್ಟರ್ ಮಂಗಳೂರಿನಿಂದ ತರಿಸಿದ್ದು, ಬರುವ ತನಕ ಕಾಯಬೇಕಾಯಿತು. ಫೋನ್ ಎತ್ತಲ್ಲ. ಬಿಲ್ ಕೇಳಿದರೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಕೊಟ್ಟರು. ನಾಲ್ಕು ಜನರ ದುಡ್ಡಿನ ಲೆಕ್ಕ ಇಡುವ ನನಗೆ ಇದು ಸಣ್ಣ ತಲೆನೋವಲ್ಲ. ಫೋರ್-ಸ್ಟ್ರೋಕ್ ಇಂಜೆಕ್ಷನ್ ಮೋಟಾರ್ ಇದ್ದರೆ ಇಲ್ಲಿಗೆ ತರಬೇಡಿ, ಅದನ್ನು ಮುಟ್ಟಲ್ಲ ಅಂತ ಅವರೇ ಹೇಳುತ್ತಾರೆ.

ಹೋಗುವಾಗ ಮೋಟಾರ್ ಒಂದನ್ನೇ ಜೀಪಿಗೆ ಹೇರಿಕೊಂಡು ಹೋಗಬೇಡಿ, ವಾಪಸ್ ಕಳಿಸುತ್ತಾರೆ. ಟ್ಯಾಂಕು, ಪೈಪು, ಬಲ್ಬು ಎಲ್ಲ ಇರಲಿ, ಒಳಗಿನ ಹಳೇ ಪೆಟ್ರೋಲನ್ನೂ ಚೆಲ್ಲದೆ ಹಾಗೇ ತೆಗೆದುಕೊಂಡು ಹೋಗಿ.