ಆರೋಗ್ಯ ಸಂಜೀವಿನಿ ಪಾಲಿಸಿ: ಕೆಲಸ ಬಿಟ್ಟವರಿಗೆ ಆಗಿಬರುತ್ತಾ?

ಕಂಪನಿ ಕೆಲಸ ಬಿಟ್ಟು ಮನೆಯಲ್ಲೇ ಅಂಗಡಿಗಳ ಲೆಕ್ಕ ಬರೆಯಲು ಶುರು ಮಾಡಿದ ಮೇಲೆ ನಾನು ತಗೊಂಡಿದ್ದು ಆರೋಗ್ಯ ಸಂಜೀವಿನಿ ಅನ್ನುವ ಆರೋಗ್ಯ ವಿಮೆ. ನನಗೂ ಹೆಂಡತಿಗೂ ಸೇರಿ ವಿಮಾ ಮೊತ್ತ 5 ಲಕ್ಷ. ನನಗೆ 53, ಬಿಪಿ ಇದೆ, ಊರು ದಾವಣಗೆರೆ. 30 ವರ್ಷದವರು, ಬೆಂಗಳೂರಿನವರು ನನ್ನ ಲೆಕ್ಕವನ್ನು ಹಾಗೇ ನಂಬಬೇಡಿ.

ಮೊದಲು ಒಳ್ಳೆಯದು. ಇದು ಒಂದೇ ಕಂಪನಿಯ ಸರಕಲ್ಲ. 2020ರ ಏಪ್ರಿಲ್‌ನಲ್ಲಿ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ತಂದ ಮಾದರಿ ಪಾಲಿಸಿ, ಯಾರ ಹತ್ತಿರ ತಗೊಂಡರೂ ಷರತ್ತು ಅದೇ. ಬೆಲೆ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಹೋಲಿಸೋದು ಸುಲಭ: ಪ್ರೀಮಿಯಂ ನೋಡಿ, ನಿಮ್ಮೂರಿನ ಯಾವ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರ ಕಟ್ಟುವ ವ್ಯವಸ್ಥೆ) ಇದೆ ನೋಡಿ, ಮುಗೀತು. ಬಣ್ಣಬಣ್ಣದ ಬ್ರೋಷರ್ ಓದುವ ಕಷ್ಟ ಇಲ್ಲ. ಆಯುರ್ವೇದದ ಒಳರೋಗಿ ಚಿಕಿತ್ಸೆಯೂ ಸೇರಿದೆ. ಆಸ್ಪತ್ರೆಗೆ ಸೇರುವ ಮೊದಲಿನ 30 ದಿನ, ಬಿಟ್ಟ ಮೇಲಿನ 60 ದಿನದ ಖರ್ಚೂ ಸಿಗುತ್ತದೆ. ಕ್ಲೇಮ್ ಇಲ್ಲದ ವರ್ಷಕ್ಕೆ ವಿಮಾ ಮೊತ್ತದಲ್ಲಿ ಶೇ. 5 ಬೋನಸ್.

ಈಗ ಕಚ್ಚುವ ಜಾಗಕ್ಕೆ ಬರೋಣ, ರೂಮ್ ಬಾಡಿಗೆ. ವಿಮಾ ಮೊತ್ತದ ಶೇ. 2, ಆದರೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಇಲ್ಲ. ಅಂದರೆ 5 ಲಕ್ಷದ ಬದಲು 10 ಲಕ್ಷ ತಗೊಂಡರೂ ರೂಮಿಗೆ ಅದೇ 5,000. ನೀವು 8,000ದ ರೂಮಿಗೆ ಹೋದಿರಿ ಅಂತಿಟ್ಟುಕೊಳ್ಳಿ, ಕೈಯಿಂದ ಹೋಗುವುದು ಬರೀ 3,000 ಅಲ್ಲ, ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು ಎಲ್ಲಕ್ಕೂ ಅದೇ ಎಂಟಕ್ಕೆ ಐದರ ಕತ್ತರಿ ಬೀಳುತ್ತದೆ. ನಾಲ್ಕು ದಿನದ ರೂಮ್ 32,000, ಡಾಕ್ಟರ್ ಮತ್ತು ಆಪರೇಷನ್ 80,000, ಔಷಧಿ 48,000, ಒಟ್ಟು 1,60,000 ಆಯಿತು. ಅವರು ಒಪ್ಪುವುದು 20,000, 50,000, ಮತ್ತು ಔಷಧಿಯ ಪೂರ್ತಿ 48,000. ಅಲ್ಲಿಗೆ 1,18,000. ಅದರಲ್ಲೂ ಶೇ. 5 ನಮ್ಮ ಪಾಲು, ಈ ಪಾಲಿಸಿಯಲ್ಲಿ ವಯಸ್ಸು ಎಷ್ಟೇ ಇದ್ದರೂ ಅದು ತಪ್ಪಲ್ಲ. ಕೊನೆಗೆ ಅವರಿಂದ ಬರುವುದು 1,12,100. ನಮ್ಮ ಜೇಬಿಂದ 47,900! ಗ್ಲೌಸು, ಹತ್ತಿ ಅಂತ ಬಿಲ್ಲಿನಿಂದ ತೆಗೆದು ಹಾಕುವುದು ಬೇರೆ.

ದಾವಣಗೆರೆಯಲ್ಲಿ 5,000ದೊಳಗೆ ಒಳ್ಳೆಯ ರೂಮ್ ಸಿಗುತ್ತದೆ, ಅದಕ್ಕೇ ನನಗೆ ಇದು ಸಾಕು. ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯೇ ಬೇಕು ಅನ್ನುವವರು ಇದನ್ನು ಮುಟ್ಟಬೇಡಿ, ಬಾಡಿಗೆ ಮಿತಿ ಇಲ್ಲದ ಪಾಲಿಸಿ ನೋಡಿ. ದುಬಾರಿ, ಆದರೆ ವಿಧಿಯಿಲ್ಲ.

ತಗೊಳ್ಳುವಾಗ ಏಜೆಂಟ್ ಫಾರ್ಮ್ ತುಂಬುತ್ತಾ, "ಬಿಪಿ ಬರೆಯೋದು ಬೇಡ ಬಿಡಿ ಸಾರ್, ಸುಮ್ನೆ ಪ್ರೀಮಿಯಂ ಏರುತ್ತೆ" ಅಂದ. ನಾನು ಪೆನ್ನು ಇಸ್ಕೊಂಡು ಮಾತ್ರೆಯ ಹೆಸರು ಸಮೇತ ಬರೆದೆ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ನಾವೇ ಕಾರಣ ಕೊಟ್ಟ ಹಾಗೆ, ಅಲ್ವಾ? ಹೇಳಿಬಿಟ್ಟರೆ ಆ ಕಾಯಿಲೆಯ ಕ್ಲೇಮ್ ಸಿಗಲು ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. 2024ಕ್ಕೆ ಮೊದಲು ನಾಲ್ಕು ವರ್ಷ ಇತ್ತು.

ಬೆಲೆಯ ವಿಷಯದಲ್ಲಿ ನನ್ನ ಸಿಟ್ಟು ಈ ಪಾಲಿಸಿ ಮೇಲೆ ಅಲ್ಲ, ನಮ್ಮಂಥವರು ಸಿಕ್ಕಿಕೊಂಡಿರುವ ಜಾಗದ ಮೇಲೆ. 60 ದಾಟಿದವರಿಗೆ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿಗಳು ಮೊದಲು ಐಆರ್‌ಡಿಎಐಯನ್ನು ಕೇಳಬೇಕು ಅಂತ 2025ರ ಜನವರಿಯಲ್ಲಿ ನಿಯಮ ಬಂತು. 70 ಆದವರಿಗೆ ಆದಾಯ ನೋಡದೆ ಆಯುಷ್ಮಾನ್ ಕಾರ್ಡ್, 5 ಲಕ್ಷದವರೆಗೆ. ಬಿಪಿಎಲ್ ಕುಟುಂಬಕ್ಕೂ 5 ಲಕ್ಷ. ನೌಕರಿಯಲ್ಲಿ ಇರುವವರಿಗೆ ಕಂಪನಿಯ ಗುಂಪು ವಿಮೆ. 50ರಿಂದ 60ರ ನಡುವೆ ಸ್ವಂತ ದುಡಿಮೆಯವನಿಗೆ ಇದ್ಯಾವುದೂ ಇಲ್ಲ, ವಯಸ್ಸಿನ ಸ್ಲ್ಯಾಬ್ ಬದಲಾದ ವರ್ಷ ನವೀಕರಣದ ನೋಟಿಸ್ ತೆರೆಯಲೇ ಮನಸ್ಸು ಬರಲ್ಲ. ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಸರ್ಕಾರ ಚಿಕಿತ್ಸೆಗೆ ನಿಗದಿ ಮಾಡಿದ ದರ) ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಅಷ್ಟೇ. ಪ್ರೀಮಿಯಂಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಅನ್ನುತ್ತಾರೆ, ಆದರೆ ಹಳೆ ಪದ್ಧತಿಯಲ್ಲಿ ಇದ್ದರೆ ಮಾತ್ರ.

2025ರ ಸೆಪ್ಟೆಂಬರ್ 22ರಿಂದ ಶೇ. 18 ಜಿಎಸ್‌ಟಿ ಹೋಗಿದ್ದು ನಿಜವಾದ ಉಪಕಾರ. ಆದರೆ ಕಂಪನಿಗಳಿಗೆ ಈಗ ಇನ್‌ಪುಟ್ ಕ್ರೆಡಿಟ್ (ತಾವು ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳುವ ಸೌಲಭ್ಯ) ಇಲ್ಲ, ಆ ನಷ್ಟವನ್ನು ಮೂಲ ಪ್ರೀಮಿಯಂನಲ್ಲಿ ವಸೂಲಿ ಮಾಡುತ್ತಾರಾ ಅಂತ ಹಳೆ ರಸೀದಿ ಪಕ್ಕದಲ್ಲಿಟ್ಟುಕೊಂಡು ನೋಡಿ.

ನನ್ನ ಅಂಕ ಐದಕ್ಕೆ ಮೂರು. ಜಿಲ್ಲಾ ಊರಿನವರಿಗೆ, ಮೇಲೊಂದು ಸೂಪರ್ ಟಾಪ್‌ಅಪ್ (ಒಂದು ಮಿತಿ ದಾಟಿದ ಖರ್ಚಿಗೆ ಸಿಗುವ ಹೆಚ್ಚುವರಿ ವಿಮೆ) ಸೇರಿಸಿಕೊಂಡರೆ ಮೂರೂವರೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಮೊದಲು ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆ ವಿಚಾರಿಸಿ, ಅದರ ಮುಂದೆ ಯಾವ ಪ್ರೀಮಿಯಂ ಕೂಡ ನಿಲ್ಲಲ್ಲ. ಇನ್ನೂ ಕೆಲಸ ಬಿಡದೆ ಇರುವವರು ರಾಜೀನಾಮೆ ಕೊಡುವ ಮೊದಲೇ ಗುಂಪು ವಿಮೆ ಕೊಟ್ಟ ವಿಮಾ ಕಂಪನಿಯನ್ನೇ ಕೇಳಿ, ಅವರ ಸ್ವಂತ ಪಾಲಿಸಿಗೆ ಬದಲಾದರೆ ಅಲ್ಲಿ ಕಾದ ವರ್ಷಗಳು ಲೆಕ್ಕಕ್ಕೆ ಸಿಗುತ್ತವೆ. ಹೊಸ ಪಾಲಿಸಿ ಕೈಗೆ ಬಂದ ಮೇಲೆ ಇಷ್ಟವಾಗದಿದ್ದರೆ ವಾಪಸ್ ಮಾಡಲು 30 ದಿನ ಇದೆ, ಅಷ್ಟರೊಳಗೆ ರೂಮ್ ಬಾಡಿಗೆಯ ಪುಟವನ್ನಾದರೂ ಓದಿ.